ಬ್ರೌಸರಿನಲ್ಲಿ ಪೂಜೆ ಕೇಳುತ್ತಿದ್ದ ಡೊಮಿನಿಕ್ ಪೊರ್ಬುಗಳು

ಡೊಮಿನಿಕ್ ಪೊರ್ಬುಗಳು ಟೆಸ್ಟರ್ ಇಡದೆ ಯಾವುದನ್ನೂ ನಂಬುವವರಲ್ಲ. ಅವರ ಕಸುಬು ಪಂಪಿನ ಮೋಟಾರು ರಿವೈಂಡಿಂಗ್. ಬಹರೈನಿನಲ್ಲಿ ಕಲಿತು ಬಂದದ್ದು. ಮಣಿಪಾಲದ ಹಾಸ್ಟೆಲುಗಳಿಂದ ಹಿಡಿದು ಬಜಗೋಳಿಯ ತೋಟದ ಬಾವಿಗಳವರೆಗೆ ಅವರ ಕೈ ಮುಟ್ಟದ ಮೋಟಾರು ಕಡಿಮೆ. "ಮೈನ್ ಆಫ್ ಮಾಡಿದ್ದೇನೆ, ಧೈರ್ಯವಾಗಿ ಮುಟ್ಟಿ" ಎಂದು ಮನೆಯವರು ಹೇಳಿದರೆ ಅವರು ತಲೆಯಾಡಿಸಿ, ಮತ್ತೆ ಟೆಸ್ಟರ್ ಇಟ್ಟು ನೋಡುತ್ತಾರೆ. "ಹಾಗೆ ನಂಬಿದವರೆಲ್ಲ ಈಗ ಫೋಟೋದಲ್ಲಿ ಇದ್ದಾರೆ, ಭುಜಂಗಣ್ಣ" ಎನ್ನುತ್ತಾರೆ.

ಭುಜಂಗಣ್ಣ ಎಂದರೆ ನಾನು, ಅವರ ನೆರೆಮನೆಯವನು. ಪೊರ್ಬುಗಳು ಎಂದರೆ ನಮ್ಮ ಕಡೆ ಕೊಂಕಣಿ ಕ್ರೈಸ್ತರನ್ನು ಕರೆಯುವ ಮಾತು. ಪೇಪರಿಗೆ ಆಗೊಮ್ಮೆ ಈಗೊಮ್ಮೆ ಏನೋ ಬರೆಯುತ್ತೇನೆ. ಆದ್ದರಿಂದ ನನಗೆ ಮೊಬೈಲಿನ ವಿಷಯವೂ ಗೊತ್ತಿರಬೇಕು ಎಂಬುದು ಅವರ ಒಂದೇ ಒಂದು ಮೂಢನಂಬಿಕೆ.

ಉದ್ಯಾವರದಿಂದ ಕಾಪುವಿಗೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ನಮ್ಮ ಮನೆಗಳು. ಅವರ ಇಗರ್ಜಿಯ, ಅಂದರೆ ಚರ್ಚಿನ, ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿನ ಗಾಯನ ಮಂಡಳಿಯವರು ನನ್ನ ಮನೆಗೇ ಬಂದು ಹಾಡಿಯಾರು. ಆ ಮಂಡಳಿಯಲ್ಲಿ ಪೊರ್ಬುಗಳು ಪ್ರಾಯಕಾಲದಿಂದಲೂ ಬೇಸ್ ಹಾಡುತ್ತಿದ್ದವರು. ಬೇಸ್ ಎಂದರೆ ಎಲ್ಲರ ಸ್ವರದ ಅಡಿಗೆ ಇರುವ ತಗ್ಗು ಸ್ವರ. ಅವರದು ಹೊಸ ಬೇರಿಂಗ್ ಹಾಕಿದ ಐದು ಎಚ್‌ಪಿ ಮೋಟಾರಿನ ಹಾಗೆ ಒಂದೇ ಸಮನೆ ನಡೆಯುತ್ತಿತ್ತು. ಕಳೆದ ವರ್ಷ ಜೋಯ್‌ಸ್ಟನ್ ಎಂಬ ತರುಣ ಮಂಡಳಿಗೆ ಹಾಡು ಕಲಿಸುವ ಮಾಸ್ತರನಾಗಿ ಬಂದ. ವಾದ್ಯಗಳನ್ನೆಲ್ಲ ಟ್ಯಾಬ್‌ನಿಂದಲೇ ನುಡಿಸತೊಡಗಿದ. ಒಂದು ದಿನ ಅಭ್ಯಾಸದ ನಡುವೆ, "ಡೊಮಿನಿಕ್ ಅಂಕಲ್, ಟ್ರ್ಯಾಕ್‌ನಲ್ಲಿ ಬೇಸ್ ಹೇಗೂ ಉಂಟು. ನೀವು ಸ್ವಲ್ಪ ಮೆಲ್ಲಗೆ ಹಾಡಿದರೂ ಆಗ್ತದೆ" ಎಂದ. ಪೊರ್ಬುಗಳು ಪುಸ್ತಕ ಮುಚ್ಚಿ ಮನೆಗೆ ಬಂದರು. ಮುಂದಿನ ಭಾನುವಾರದಿಂದ ಸ್ಕೂಟರ್ ಹತ್ತಿ ಕಾಪು ಕಡೆಯ ಬೇರೆ ಇಗರ್ಜಿಗೆ, ಹಾಡೇ ಇಲ್ಲದ ಬೆಳಗಿನ ಪೂಜೆಗೆ ಹೋಗತೊಡಗಿದರು. ಹೆಂಡತಿ ಒಲಿಂಡಾ ಬಾಯಿ ಮಾತ್ರ ಊರ ಇಗರ್ಜಿಯ ದೊಡ್ಡ ಪೂಜೆಗೇ ಹೋಗುತ್ತಿದ್ದರು.

ದೊಡ್ಡ ಪೂಜೆಯ ನೇರ ಪ್ರಸಾರದ ಲಿಂಕನ್ನು ಇಗರ್ಜಿಯ ವಾರ್ಡಿನ ಮುಖ್ಯಸ್ಥೆ, ಗುರ್ಕಾರ್ ಝೀಟಾ ಬಾಯಿ ಪ್ರತಿ ಭಾನುವಾರ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಗಲ್ಫಿನಲ್ಲಿರುವವರಿಗಾಗಿ. ಒಂದು ಭಾನುವಾರ ಹೆಂಡತಿ ಅತ್ತ ಹೋದದ್ದೇ ಪೊರ್ಬುಗಳು ವರ್ಕ್‌ಶಾಪಿನ ಬಾಗಿಲು ಅರ್ಧ ಮುಚ್ಚಿಕೊಂಡು ಆ ಲಿಂಕನ್ನು ಒತ್ತಿದರು. ತಾನಿಲ್ಲದೆ ಮಂಡಳಿ ಎಷ್ಟು ಹಾಳಾಗಿದೆ ಎಂದು ಪರೀಕ್ಷಿಸಲಿಕ್ಕೆ, ಅಷ್ಟೆ. ಆ್ಯಪ್ ತೆರೆಯಿತು. ಅದರ ಮೂಲೆಯಲ್ಲಿ ಅವರದೇ ಫೋಟೋ. ಕೆಳಗೆ ಚಾಟ್ ಓಡುತ್ತಿದೆ. ಅಲ್ಲಿಯೂ ಅವರ ಫೋಟೋ, ಪಕ್ಕದಲ್ಲಿ ಬರೆಯಲು ಖಾಲಿ ಜಾಗ.

ಬನಿಯನ್ನಿನಲ್ಲೇ ನಮ್ಮ ಅಂಗಳಕ್ಕೆ ಬಂದರು.

"ನಾನು ನೋಡುವುದು ಅವರಿಗೆ ಕಾಣ್ತದಾ?"

"ಕಾಣ್ಲಿಕ್ಕಿಲ್ಲ ಅಂತ ತೋರ್ತದೆ" ಎಂದೆ.

"ತೋರ್ತದೆ ಅಂದ್ರೆ ಗ್ಯಾರಂಟಿ ಇಲ್ಲ ಅಂತ. ಆ ಜೋಯ್‌ಸ್ಟನಿಗೆ ಗೊತ್ತಾದ್ರೆ ಮುದುಕ ಮನೆಯಲ್ಲಿ ಕೂತು ಕದ್ದು ಕೇಳ್ತಾನೆ ಅಂತ ಊರಿಡೀ ಹೇಳ್ಯಾನು. ಮತ್ತೆ ನಾನು ಈ ರಸ್ತೆಯಲ್ಲಿ ನಡೆಯುವುದು ಹೇಗೆ ಮಾರಾಯ್ರೆ?"

ನನ್ನ ಜ್ಞಾನ ಅಲ್ಲಿಗೇ ಮುಗಿದದ್ದರಿಂದ ಇಬ್ಬರೂ ಉಡುಪಿಯ ಮೊಬೈಲ್ ಅಂಗಡಿಯೊಂದಕ್ಕೆ ಹೋದೆವು. ಕೌಂಟರಿನಲ್ಲಿದ್ದ ಯಶ್ಮಿತಾ ಎಂಬ ಹುಡುಗಿ ಸಮಾಧಾನದಿಂದ ಕೇಳಿಸಿಕೊಂಡಳು.

"ಲಿಂಕ್ ಆ್ಯಪ್‌ನಲ್ಲಿ ಓಪನ್ ಆಗಬಾರದು, ಬ್ರೌಸರಿನಲ್ಲೇ ಆಗಬೇಕು. ಹೆಸರು, ಫೋಟೋ, ಹಿಸ್ಟರಿ ಎಂತದೂ ಇರಬಾರದು. ಹಾಗೆ ಅಲ್ವಾ ಅಂಕಲ್? ಎಂತ ನೋಡ್ಲಿಕ್ಕೆ?"

"ಪೂಜೆ" ಎಂದರು ಪೊರ್ಬುಗಳು.

ಅವಳು ಅವರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಆಯ್ತು ಅಂಕಲ್, ಪೂಜೆ" ಎಂದು ಸೆಟ್ಟಿಂಗ್ಸಿಗೆ ಹೋಗಿ, ಆ್ಯಪ್‌ಗಳ ಪಟ್ಟಿ ತೆರೆದು, ಲಿಂಕ್ ತೆರೆಯುವ ಬಟನನ್ನು ಆಫ್ ಮಾಡಿ ಕೊಟ್ಟಳು. ಬ್ರೌಸರಿನಿಂದ ಲಾಗೌಟ್ ಮಾಡಿ, ಹಿಸ್ಟರಿ ಉಳಿಯದ ಹಾಗೆಯೂ ಮಾಡಿದಳು. ಪೊರ್ಬುಗಳು ಅವಳಿಂದ ಅದನ್ನು ಮತ್ತೆ ಮತ್ತೆ ಮಾಡಿಸಿ, ಬಾಯಿಪಾಠ ಮಾಡಿಕೊಂಡರು. ನಾವು ತಿರುಗಿ ನೋಡಿದರೆ ಚಾರ್ಜರ್ ಕೊಳ್ಳಲು ಬಂದ ಝೀಟಾ ಬಾಯಿ ಹಿಂದೆಯೇ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. "ಎಂತ ಪೊರ್ಬುಗಳೇ, ಹೊಸ ಫೋನಾ?" ಎಂದಷ್ಟೇ ಕೇಳಿದರು.

ಆಮೇಲಿನ ಭಾನುವಾರಗಳಲ್ಲಿ ಒಮ್ಮೊಮ್ಮೆ ನಾನೂ ವರ್ಕ್‌ಶಾಪಿನಲ್ಲಿ ಕೂತದ್ದುಂಟು. ತಾಮ್ರದ ತಂತಿ, ವಾರ್ನಿಷ್ ವಾಸನೆ, ಡಬ್ಬಕ್ಕೆ ಒರಗಿಸಿಟ್ಟ ಫೋನು. ಪೊರ್ಬುಗಳು ತಪ್ಪು ಹೆಕ್ಕುತ್ತಲೇ ಕೂರುತ್ತಿದ್ದರು. "ಆಲ್ಟೋದ ಹೆಂಗಸರು ಶ್ರುತಿಯಿಂದ ಇಳಿದರು ನೋಡಿ", "ಲಿಯೋನೆಲ್ ಮೂಗಿನಲ್ಲಿ ಹಾಡ್ತಾನೆ." ಆದರೆ ಎರಡನೇ ಹಾಡಿನ ಹೊತ್ತಿಗೆ ಅವರಿಗೇ ಗೊತ್ತಿಲ್ಲದೆ ತಗ್ಗಿನ ಸ್ವರ ಹೊರಡುತ್ತಿತ್ತು. ಇಗರ್ಜಿಯ ಗಂಟೆ ಹೊರಗೆ ಮೊದಲು ಕೇಳಿ, ಫೋನಿನಲ್ಲಿ ಸ್ವಲ್ಪ ತಡವಾಗಿ ಕೇಳಿಸುವುದು ಅವರಿಗೆ ದೊಡ್ಡ ಸಂಶಯ. "ನೇರ ಪ್ರಸಾರ ಅಂತಾರೆ. ಮಧ್ಯದಲ್ಲಿ ಯಾರೋ ತಡೆದು, ನೋಡಿ, ಬಿಡ್ತಾರೆ."

ಒಲಿಂಡಾ ಬಾಯಿಯವರ ಸಂಶಯ ಬೇರೆಯೇ. ಒಂದು ಸಂಜೆ ನನ್ನನ್ನು ಬೇಲಿಯ ಹತ್ತಿರ ನಿಲ್ಲಿಸಿ, "ಭುಜಂಗಣ್ಣ, ನಾನು ಬಂದ ಕೂಡಲೇ ಇವರು ಫೋನನ್ನು ಮಗುಚಿ ಇಡ್ತಾರೆ. ತೆಗೆದು ನೋಡಿದರೆ ಒಳಗೆ ಎಂತದೂ ಇಲ್ಲ. ಎಂತದೂ ಇಲ್ಲದ ಫೋನನ್ನು ಯಾರು ಮಗುಚಿ ಇಡ್ತಾರೆ?" ಎಂದರು. ಹೇಳುವುದಿಲ್ಲ ಎಂದು ಪೊರ್ಬುಗಳಿಗೆ ಮಾತು ಕೊಟ್ಟಿದ್ದೆ. ಸೆಕೆಯ ಬಗ್ಗೆ ಮಾತಾಡಿ ತಪ್ಪಿಸಿಕೊಂಡೆ.

ಹೀಗಿರುವಾಗ ಮೊಂತಿ ಹಬ್ಬ ಬಂತು. ಆ ದಿನ ಇಗರ್ಜಿಯಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಎಲ್ಲರಿಗೂ ತರಕಾರಿ ಊಟ. ಆದ್ದರಿಂದ ನನಗೂ ವರ್ಷವರ್ಷ ಕರೆ ಉಂಟು. ನಾನು ಹೋದಾಗ ಒಲಿಂಡಾ ಬಾಯಿ ಆಗಷ್ಟೇ ತೆನೆ ಹಿಡಿದುಕೊಂಡು ಬಂದು, ಮುಖ ಕೆಂಪು ಮಾಡಿಕೊಂಡು ಹೇಳುತ್ತಿದ್ದರು:

"ಎಲ್ಲರೂ ಮೊಣಕಾಲೂರಿ ಎದ್ದು ಪ್ರಸಾದಕ್ಕೆ ಹೊರಟದ್ದು. ಜೋಯ್‌ಸ್ಟನ್ ಟ್ಯಾಬ್ ಒತ್ತಿದ. ಹಾಡಿನ ಬದಲು ಒಬ್ಬ ಗಂಡಸು, 'ಮಂಡಿ ನೋವೇ? ಇಂದೇ ಹಚ್ಚಿರಿ' ಅಂತ ಇಡೀ ಇಗರ್ಜಿಗೆ ಕೇಳುವ ಹಾಗೆ ಹೇಳಿದ. ಮಕ್ಕಳೆಲ್ಲ ನಗಾಡಿದ್ದು. ಆಮೇಲೆ ಟ್ರ್ಯಾಕ್ ಇಲ್ಲದೆ ಹಾಡಿದರು. ಅದು ಹಾಡು ಅಲ್ಲ."

"ಹೌದಾ" ಎಂದರು ಪೊರ್ಬುಗಳು. ತುಸು ಬೇಗವೇ ಅಂದರು. ಒಲಿಂಡಾ ಬಾಯಿ ತಿರುಗಿ ಅವರ ಮುಖ ನೋಡಿದರು.

ಬಾಳೆಲೆ ಹಾಕುವ ಹೊತ್ತಿಗೆ ಜೋಯ್‌ಸ್ಟನ್ ಬಂದ. ಕಂಕುಳಲ್ಲಿ ಟ್ಯಾಬ್. ಕೂತುಕೊಳ್ಳಲಿಲ್ಲ.

"ಅಂಕಲ್, ನಿನ್ನೆ ಇಗರ್ಜಿಯ ಪಂಪ್ ಸರಿ ಮಾಡ್ಲಿಕ್ಕೆ ಬಂದದ್ದು ನೀವೇ ಅಲ್ವಾ? ಸ್ವಿಚ್‌ಬೋರ್ಡ್ ಇರುವುದು ನಮ್ಮ ಅಭ್ಯಾಸದ ಕೋಣೆಯಲ್ಲಿ. ಟ್ಯಾಬ್ ಅಲ್ಲೇ ಚಾರ್ಜಿಗೆ ಇತ್ತು. ಇಷ್ಟು ದಿನ ಟ್ರ್ಯಾಕಿನ ಲಿಂಕ್ ಬ್ರೌಸರಿನಲ್ಲಿ ಓಪನ್ ಆಗ್ತಿತ್ತು, ಜಾಹೀರಾತು ಬರದ ಹಾಗೆ ಮಾಡಿಟ್ಟಿದ್ದೆ. ಇವತ್ತು ಆ್ಯಪ್‌ಗೆ ಹೋಯ್ತು. ತನ್ನಷ್ಟಕ್ಕೆ ಹೇಗೆ ಹೋಗ್ತದೆ? ನೀವು ಅಂಗಡಿಯಲ್ಲಿ ಇದನ್ನೇ ಕಲಿತು ಬಂದಿದ್ದೀರಂತೆ, ಝೀಟಾ ಆಂಟಿ ಹೇಳಿದ್ರು."

"ತನ್ನಷ್ಟಕ್ಕೇ ಹೋಗ್ತದೆ, ಅಪ್‌ಡೇಟ್ ಆದ್ರೆ. ಕೊಡಿಲ್ಲಿ" ಎಂದು ಪೊರ್ಬುಗಳು ಟ್ಯಾಬ್ ಕಿತ್ತುಕೊಂಡರು. ಸೆಟ್ಟಿಂಗ್ಸ್, ಆ್ಯಪ್‌ಗಳು, ಆ ಬಟನ್. ಕಣ್ಣು ಮುಚ್ಚಿದ್ದರೂ ಮುಟ್ಟುತ್ತಿದ್ದರು. "ನೋಡು, ಆನ್ ಆಗಿದೆ."

"ಎಷ್ಟು ಬೇಗ ಸಿಕ್ಕಿತು ನಿಮಗೆ" ಎಂದ ಜೋಯ್‌ಸ್ಟನ್.

ನಾನು ಬಾಯಿ ಹಾಕಿದೆ. "ಅಲ್ಲ ಮಾರಾಯ, ಇವರು ಅಂಥವರಲ್ಲ."

"ಭುಜಂಗಣ್ಣ, ನೀವೂ ಒಟ್ಟಿಗೆ ಇದ್ದಿರಂತೆ ಅಂಗಡಿಯಲ್ಲಿ."

ಆರೋಪಿಗಳು ಇಬ್ಬರಾದೆವು. ಸತ್ಯ ಹೇಳಿಬಿಡೋಣ ಎಂದು ನಾನು ಗಂಟಲು ಸರಿಮಾಡಿಕೊಂಡಾಗ ಪೊರ್ಬುಗಳು ನನ್ನ ಕಾಲು ತುಳಿದರು.

"ನೀವು ಬಿಟ್ಟು ಹೋದ ಮೇಲೆ ನಮ್ಮ ಒಂದು ಹಾಡನ್ನೂ ಕೇಳಿದವರಲ್ಲ" ಎಂದ ಜೋಯ್‌ಸ್ಟನ್. ಅವನ ದನಿ ಸಿಟ್ಟಿನದಲ್ಲ, ನೋವಿನದು. ಅದೇ ತೊಂದರೆಯಾದದ್ದು. "ನಮ್ಮ ಮಂಡಳಿ ಹಾಳಾಗಲಿ ಅಂತ ನಿಮಗೆ ಇರಬಹುದು. ಆದರೆ ಹಬ್ಬದ ದಿನ ಮಾಡಬಾರದಿತ್ತು."

ಪೊರ್ಬುಗಳು ಹೆಂಡತಿಯನ್ನು ನೋಡಿದರು. ಒಲಿಂಡಾ ಬಾಯಿ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರ ಮುಖದಲ್ಲೂ ಅದೇ ಪ್ರಶ್ನೆ.

"ಪ್ರತಿ ಭಾನುವಾರ ಕೇಳ್ತೇನೆ" ಎಂದರು ಪೊರ್ಬುಗಳು, ನೆಲ ನೋಡಿಕೊಂಡು. "ವರ್ಕ್‌ಶಾಪಿನಲ್ಲಿ. ಬ್ರೌಸರಿನಲ್ಲಿ."

"ತೋರಿಸಿ."

ಫೋನು ತೆಗೆದರು. ತೋರಿಸುವುದು ಏನನ್ನು? ಹೆಸರಿಲ್ಲ, ಫೋಟೋ ಇಲ್ಲ, ನೋಡಿದ್ದರ ಗುರುತೇ ಇಲ್ಲ. ಯಶ್ಮಿತಾ ಅಷ್ಟು ಚೊಕ್ಕವಾಗಿ ಮಾಡಿಕೊಟ್ಟಿದ್ದಳು. ಜೋಯ್‌ಸ್ಟನ್ ಖಾಲಿ ಪರದೆ ನೋಡಿ ಟ್ಯಾಬನ್ನು ಮತ್ತೆ ಕಂಕುಳಿಗೆ ಸೇರಿಸಿ ಮೆಟ್ಟಿಲಿಳಿದ.

ಆಗ ಪೊರ್ಬುಗಳು ಹಾಡಿದರು. ಪ್ರಸಾದದ ಹೊತ್ತಿನ ಆ ಹಾಡನ್ನು ಜೋಯ್‌ಸ್ಟನ್ ಈ ಮಳೆಗಾಲದಲ್ಲಷ್ಟೇ ಸ್ವತಃ ರಾಗ ಹಾಕಿ ಕಲಿಸಿದ್ದನಂತೆ. ಅದು ಮಂಡಳಿಯವರನ್ನು ಬಿಟ್ಟರೆ ಅಲ್ಲಿನ ದೊಡ್ಡ ಪೂಜೆಯನ್ನು ತಪ್ಪದೆ ಕೇಳಿದವರಿಗೆ ಮಾತ್ರ ಗೊತ್ತು. ಮೊದಲ ಸಾಲಿಗೆ ದನಿ ಒಣಗಿತ್ತು. ಎರಡನೆಯದಕ್ಕೆ ಮೋಟಾರು ನೀರು ಎಳೆಯಿತು. ಕೊಂಕಣಿ ಅಷ್ಟಾಗಿ ತಿಳಿಯದ ನನಗೂ ಎದೆಯಲ್ಲಿ ಸಣ್ಣಗೆ ಕಂಪಿಸಿತು. ಸೌಟು ಹಿಡಿದ ಒಲಿಂಡಾ ಬಾಯಿ ಮೇಲಿನ ಸ್ವರದಲ್ಲಿ ಸೇರಿಕೊಂಡರು.

ಅಂಗಳದಲ್ಲಿ ನಿಂತಿದ್ದ ಜೋಯ್‌ಸ್ಟನ್ ಚರಣ ಮುಗಿಯುವವರೆಗೂ ತಿರುಗಲಿಲ್ಲ.

"ಮೂರನೇ ಸಾಲಿಗೆ ಬೇಸ್ ನಾನು ಹಾಗೆ ಬರೆದಿಲ್ಲ ಅಂಕಲ್" ಎಂದ ಕೊನೆಗೆ.

"ನೀನು ಬರೆದದ್ದು ಟ್ರ್ಯಾಕಿನಲ್ಲಿ ಸರಿ. ಮನುಷ್ಯನಿಗೆ ಅಲ್ಲಿ ಉಸಿರು ಬೇಕು."

"ಅಲ್ಲಿ ಉಸಿರು ತೆಗೆದರೆ ಮಾತು ತುಂಡಾಗ್ತದೆ."

"ತುಂಡಾಗುವುದಿಲ್ಲ. ಹಾಡಿ ನೋಡು. ಒಳಗೆ ಬಾ, ಬಿಸಿಲಲ್ಲಿ ನಿಂತು ಎಂತ ವಾದ."

ಜೋಯ್‌ಸ್ಟನ್ ಚಪ್ಪಲಿ ಬಿಟ್ಟು ಒಳಗೆ ಬಂದ. ಟ್ಯಾಬನ್ನು ಕಿಟಕಿಯ ಮೇಲೆ ಇಟ್ಟ. ಒಲಿಂಡಾ ಬಾಯಿ ಇನ್ನೊಂದು ಎಲೆ ಹಾಕಿದರು. ಪಲ್ಯ ತಣ್ಣಗಾಗುವವರೆಗೆ ಅವರಿಬ್ಬರೂ ಆ ಮೂರನೇ ಸಾಲಿನಲ್ಲೇ ಇದ್ದರು. ಶನಿವಾರದ ಅಭ್ಯಾಸಕ್ಕೆ ಹೋಗುವಾಗ ಪೊರ್ಬುಗಳು ಫೋನನ್ನು ಮನೆಯಲ್ಲೇ ಬಿಟ್ಟು ಹೋದರು. ಒಲಿಂಡಾ ಬಾಯಿ ಅದನ್ನು ತೆಗೆದು ಇನ್ನೊಮ್ಮೆ ಪೂರ್ತಿ ಪರೀಕ್ಷಿಸಿದರಂತೆ.