ಹಿತ್ತಾಳೆಯ ಕುತ್ತಿಗೆ

ದೋಹಾದ ಶೂಟಿಂಗ್ ರೇಂಜ್ ಒಂದರ ಆಫೀಸಿನಲ್ಲಿ ನಾನಿದ್ದಾಗ, ಹಿಂದಿನ ಕೋಣೆಯಲ್ಲಿ ಖಾಲಿ ತೋಟಾಗಳಿಗೆ ಮತ್ತೆ ಮದ್ದುಗುಂಡು ತುಂಬುತ್ತಿದ್ದವರು ಉಳ್ಳಾಲದ ಕಡೆಯ ಒಬ್ಬ ಕಾಕ. ತೋಟಾದ ಹಿತ್ತಾಳೆ ಕುತ್ತಿಗೆ ಗುಂಡನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದು ಅವರ ಕೈಗೇ ತಿಳಿಯುತ್ತಿತ್ತು. "ಎಲ್ಲದಕ್ಕೂ ಒಂದೇ ಹಿಡಿತ ಬೇಕು ಮಾರಾಯ, ಇಲ್ಲದಿದ್ರೆ ಗುಂಡು ಚದುರ್ತದೆ" ಎನ್ನುತ್ತ, ಅನುಮಾನ ಬಂದದ್ದನ್ನು ಪಕ್ಕಕ್ಕಿಡುತ್ತಿದ್ದರು.

ತಮ್ಮ ತೋಟಾಗಳನ್ನು ಮನೆಯಲ್ಲಿ ತಾವೇ ತುಂಬಿಕೊಂಡು ಬರುತ್ತಿದ್ದ ಕತಾರಿನ ಮುದುಕರೊಬ್ಬರ ಗುಂಡುಗಳು ಆ ಚಳಿಗಾಲ ಗುರಿಯ ಸುತ್ತ ಚದುರತೊಡಗಿದವು. "ಕಣ್ಣು ಹೋಯಿತು, ಖಲಾಸ್" ಎಂದು ಅವರು ಬಂದೂಕನ್ನು ಪೆಟ್ಟಿಗೆಗೆ ಹಾಕಿದರು.

ಕಾಕ ಆ ಮುದುಕರ ಖಾಲಿ ತೋಟಾಗಳನ್ನು ಕೇಳಿ ತೆಗೆದುಕೊಂಡರು. "ಕಣ್ಣಲ್ಲ ಬಾಬಾ, ಮತ್ತೆ ಮತ್ತೆ ತುಂಬಿ ಹಿತ್ತಾಳೆ ಗಡಸಾಗಿದೆ. ಮುಂದಿನ ವಾರ ಬನ್ನಿ" ಎಂದು ಅರಬಿಯಲ್ಲಿ ಹೇಳಿದರು. ಆಮೇಲೆ ಒಂದೊಂದರ ಕುತ್ತಿಗೆಯನ್ನೂ ಸಣ್ಣ ಉರಿಯಲ್ಲಿ ತಿರುಗಿಸಿ ಮೆದು ಮಾಡತೊಡಗಿದರು.

"ನಿಜವಾಗಿ ಹಿತ್ತಾಳೆಯದ್ದೇ ತಪ್ಪಾ ಕಾಕಾ?" ಎಂದೆ.

"ಸ್ವಲ್ಪ ಹಿತ್ತಾಳೆಯದ್ದು, ಸ್ವಲ್ಪ ಪ್ರಾಯದ್ದು. ನನಗೆ ಸರಿ ಮಾಡ್ಲಿಕ್ಕೆ ಆಗುವುದು ಹಿತ್ತಾಳೆ ಮಾತ್ರ ಅಲ್ವಾ."

ಮುಂದಿನ ವಾರ, ಕಾಕ ತುಂಬಿಕೊಟ್ಟ ತೋಟಾಗಳಲ್ಲಿ, ಮುದುಕರ ಗುಂಡುಗಳು ಮೊದಲಿನಷ್ಟಲ್ಲದಿದ್ದರೂ ಹತ್ತಿರ ಹತ್ತಿರ ಬಿದ್ದವು. ಅವರು ಎಂದೂ ಕಾಲಿಡದ ಆ ಹಿಂದಿನ ಕೋಣೆಗೆ ಬಂದು, ಕಾಕನ ಸ್ಟೂಲಿನ ಮೇಲೆ ಕುಳಿತು ಹಾಲಿಲ್ಲದ ಸುಲೈಮಾನಿ ಚಹಾ ಕುಡಿದರು. ಇಬ್ಬರೂ ಗುರಿಯ ಮಾತನ್ನೇ ಎತ್ತಲಿಲ್ಲ. ಮೊಮ್ಮಕ್ಕಳ ತುಂಟಾಟ ಹೇಳಿಕೊಂಡು ನಗುತ್ತಿದ್ದರು.