ರಾಜೀವಿಯಕ್ಕನ ಬೆಳಗಿನ ಕೆಲಸ

ಬೋವಿಕಾನದ ಆಸುಪಾಸಿನಲ್ಲಿ ಮೂವತ್ತು ದಾಟಿದವರ ಪೈಕಿ ರಾಜೀವಿಯಕ್ಕನ ಕಾಲ ಮೇಲೆ ಮಲಗಿ ಮೀಯದವರು ಕಡಿಮೆ. ಹೆರಿಗೆಯಾದ ಮನೆಗೆ ಬೆಳಿಗ್ಗೆ ಏಳಕ್ಕೆ ಬಂದುಬಿಡುತ್ತಿದ್ದರು. ಮೊದಲು ಬಾಣಂತಿಗೆ ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರು. ಆಮೇಲೆ ಬಚ್ಚಲಲ್ಲಿ ಮಣೆ ಹಾಕಿ, ಸೀರೆ ಎತ್ತಿ ಕಟ್ಟಿ, ಕಾಲು ನೀಡಿ ಕೂತರೆಂದರೆ ಆ ಎರಡು ಕಾಲೇ ಮಗುವಿಗೆ ಹಾಸಿಗೆ. ಎಣ್ಣೆ ತಿಕ್ಕುತ್ತಾ, ಮೂಗು ನೀವುತ್ತಾ ಮಾತೂ ಆಗುತ್ತಿತ್ತು. "ಅಪ್ಪನ ಮೂಗೇ ಬಂದಿದೆ ಪಾಪ. ಇರಲಿ, ನಾನು ಸರಿ ಮಾಡ್ತೇನೆ."

ರಶ್ಮಿತಾಳ ಮೂಗನ್ನು ಸರಿ ಮಾಡಿದ್ದೂ ಅವರೇ. ಅವಳು ಓದಿದ್ದೆಲ್ಲ ಮಂಗಳೂರಿನಲ್ಲಿ. ಆದರೂ ರಜೆಯಲ್ಲಿ ಬಂದಾಗ ಪಕ್ಕದ ಮನೆಯ ಬಚ್ಚಲಿಂದ ಹೊಗೆ, ಹೆಸರುಹಿಟ್ಟಿನ ವಾಸನೆ, ರಾಜೀವಿಯಕ್ಕನ ನಗು ಮೂರೂ ಒಟ್ಟಿಗೆ ಬಂದರೆ ಓಡಿಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಈಗ ಹೆರಿಗೆಗೆ ತಾಯಿಮನೆಗೆ ಬಂದವಳಿಗೆ ಐವತ್ತು ದಿನದ ಮೋಕ್ಷಿತಾಳನ್ನು ತಾನೇ ಮೀಯಿಸಲು ಧೈರ್ಯ ಸಾಲದು. ಕಿವಿಗೆ ನೀರು ಹೋದರೆ? ಜಾರಿದರೆ?

"ರಾಜೀವಿಯಕ್ಕನನ್ನು ಕರೆಯುವಾ ಅಮ್ಮ."

"ಅವರಿಗೆ ಈಗ ನೆನಪು ಸರಿ ಇಲ್ಲ ಮಾರಾಯ್ತಿ," ಅಂದ ಅಮ್ಮ ಒಗೆದ ಬಟ್ಟೆ ಮಡಚುವುದರಲ್ಲೇ ಉಳಿದಳು.

ಮಗುವನ್ನು ಅಮ್ಮನ ಕೈಗೆ ಕೊಟ್ಟು ರಶ್ಮಿತಾ ತಾನೇ ಹೋದಳು. ನಾಲ್ಕು ಮನೆ ಆಚೆ. ಕೋಣೆಯಲ್ಲಿ ರಾಜೀವಿಯಕ್ಕ ಮಂಚದ ಮೇಲೆ ಕಾಲು ನೀಡಿ ಕೂತಿದ್ದರು. ಎಡಗೈಯ ಮಣಿಕಟ್ಟಿನಿಂದ ಒಂದು ಹಳೇ ಸೀರೆಯ ತುಂಡು ಕಿಟಕಿಯ ಸರಳಿಗೆ ಹೋಗಿತ್ತು. ಅದರ ಕೆಳಗೆ ಚರ್ಮ ಕೆಂಪಗೆ ತರಚಿತ್ತು.

"ಎಂತ ಇದು ರಾಜೀವಿಯಕ್ಕ?"

"ಬಳೆ ತಾಗಿದ್ದು," ಅಂದರು. ಕೈಯಲ್ಲಿ ಬಳೆಯೇ ಇರಲಿಲ್ಲ.

ಸೊಸೆ ಕಮಲ ಅಂಗನವಾಡಿಗೆ ಹೊರಟು ನಿಂತಿದ್ದಳು. ಕೆಟ್ಟವಳಲ್ಲ, ರಶ್ಮಿತಾಳ ಮದುವೆಗೆ ಮೂರು ದಿನ ಮೊದಲೇ ಬಂದು ತೆಂಗಿನಕಾಯಿ ತುರಿದವಳು. "ಬೆಳಗಾದರೆ ಮಗು ಮೀಯಿಸ್ಲಿಕ್ಕೆ ಉಂಟು ಅಂತ ಹೊರಡ್ತಾರೆ. ಮೊನ್ನೆ ಬಸ್ಸಿನ ಎದುರು ಸಿಕ್ಕಿದ್ದು. ನಮ್ಮವರು ಆರಕ್ಕೇ ಜೀಪು ತಕ್ಕೊಂಡು ಹೋಗ್ತಾರೆ. ನಾನು ಕೆಲಸ ಬಿಡ್ಲಾ? ಹಗ್ಗ ಎಂತ ಅಲ್ಲ, ರಶ್ಮಿತಾ. ಅವರದ್ದೇ ಸೀರೆ, ಮೆತ್ತಗೆ ಉಂಟು."

"ವಯಸ್ಸಾದವರನ್ನು ನೋಡ್ಲಿಕ್ಕೆ ಮನೆಗೆ ಬರುವ ಪಾಲಿಯೇಟಿವ್ ನರ್ಸಿಗೆ ಹೇಳಿದ್ದೀರಾ?"

"ಅವರು ಬರುವಾಗ ಬಿಚ್ಚುತ್ತೇನೆ."

ಆ ಒಂದು ಮಾತಿನಲ್ಲೇ ಎಲ್ಲ ಇತ್ತು. ಕಮಲಳಿಗೂ ಗೊತ್ತಾಯಿತು, ಮುಖ ತಿರುಗಿಸಿದಳು. ಬೈಯಬೇಕೆಂದು ರಶ್ಮಿತಾಳ ನಾಲಗೆಗೆ ಬಂದದ್ದು ಅಲ್ಲೇ ನಿಂತಿತು. ಬೈದರೆ ನಾಳೆ ಈ ಕೋಣೆಗೆ ಹೊರಗಿನವರು ಯಾರೂ ಬರದ ಹಾಗೆ ಆಗಬಹುದು. ಕಟ್ಟು ಹಾಗೇ ಉಳಿಯುತ್ತದೆ.

"ನಾಳೆ ಏಳಕ್ಕೆ ನಮ್ಮಲ್ಲಿಗೆ ಕರಕೊಂಡು ಬನ್ನಿ ಕಮಲಕ್ಕ. ಮೀಯಿಸ್ಲಿಕ್ಕೆ ಒಂದು ಮಗು ನಿಜವಾಗಿ ಉಂಟಲ್ಲ. ಮೂರು ಗಂಟೆವರೆಗೆ ನಾನು, ಅಮ್ಮ ನೋಡಿಕೊಳ್ತೇವೆ."

ಹೇಳಿದ ಮೇಲೆ ಹೆದರಿಕೆ ಶುರುವಾಯಿತು. ನೆನಪಿಲ್ಲದವರ ಕಾಲ ಮೇಲೆ ಮಗುವನ್ನು ಹೇಗೆ ಮಲಗಿಸುವುದು?

ಬೆಳಿಗ್ಗೆ ರಾಜೀವಿಯಕ್ಕ ಬಂದವರೇ ಬಚ್ಚಲಿಗೆ ಹೋದರು, ಮಣೆ ಎಲ್ಲಿದೆ ಎಂದು ಕೇಳಲೂ ಇಲ್ಲ. ಕೂತರು, ಕಾಲು ನೀಡಿದರು, ಬಕೆಟಿಗೆ ಮೊಣಕೈ ಅದ್ದಿದರು. "ಬಿಸಿ ಜಾಸ್ತಿ." ನಿಜವಾಗಿಯೂ ಜಾಸ್ತಿಯಿತ್ತು. ರಶ್ಮಿತಾ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಮಗುವಿನ ತಲೆಯಡಿ ಇಟ್ಟ ಕೈ ತೆಗೆಯಲಿಲ್ಲ. ನೀರು ಹೊಯ್ದದ್ದು ಅಮ್ಮ. ಎಣ್ಣೆ ತಿಕ್ಕುವ ಕೈ ಮಾತ್ರ ರಾಜೀವಿಯಕ್ಕನದು. ಆ ಕೈಗೆ ಎಲ್ಲ ನೆನಪಿತ್ತು.

"ರಶ್ಮಿತಾ, ಅಳಬೇಡ ಮಗಾ," ಅಂದರು ಮೋಕ್ಷಿತಾಳಿಗೆ. "ಅಪ್ಪನ ಮೂಗು, ಎಂತ ಮಾಡುವುದು."

ರಶ್ಮಿತಾ ನಕ್ಕಳು, ಕಣ್ಣು ಒರೆಸಿಕೊಂಡಳು.

ಮೂರು ಗಂಟೆಗೆ ಕಮಲ ಕರೆದೊಯ್ಯಲು ಬಂದಾಗ ರಾಜೀವಿಯಕ್ಕ ಜಗಲಿಯಲ್ಲಿ ಕೂತಿದ್ದರು. ರಶ್ಮಿತಾ ಅವರ ಕೈಗೆ ತೆಂಗಿನೆಣ್ಣೆ ಹಚ್ಚುತ್ತಿದ್ದಳು, ಬೆರಳಿಂದ ಮೇಲೆ ಮೇಲೆ. ಮಣಿಕಟ್ಟಿಗೆ ಬಂದದ್ದೇ ಅವರು ಕೈ ಎಳೆದುಕೊಂಡರು.

"ಅಲ್ಲಿ ಮೆಲ್ಲ. ಕಟ್ಟಿದ್ದು. ನೋವುಂಟು."

ಅಂಗಳದಲ್ಲಿದ್ದ ಕಮಲಳಿಗೂ ಅದು ಕೇಳಿಸಿತು. ಜಗಲಿಗೆ ಬಂದು ಅತ್ತೆಯ ಪಕ್ಕ ಕೂತು, ರಶ್ಮಿತಾಳ ಕೈಯಿಂದ ಎಣ್ಣೆಯ ತಟ್ಟೆ ತೆಗೆದುಕೊಂಡಳು.

"ನರ್ಸ್ ಬರುವುದು ಮಂಗಳವಾರ," ಅಂದಳು, ಯಾರ ಮುಖವನ್ನೂ ನೋಡದೆ. "ಇದನ್ನು ತೋರಿಸ್ತೇನೆ. ನೀನು ಗಂಡನ ಮನೆಗೆ ಹೋದ ಮೇಲೆ ಎಂತ ಮಾಡುವುದು ಅಂತಲೂ ಕೇಳ್ತೇನೆ."

ರಾಜೀವಿಯಕ್ಕ ಎದ್ದರು. "ನಾಳೆ ಏಳಕ್ಕೆ ಬರ್ತೇನೆ," ಅಂದರು. "ನೀರು ಕಾಯಿಸಿ ಇಡಿ."