ಎಂಟು ಲಕ್ವಾ ಹಾಸಿಗೆಗಳ ನರಗುಂದ ಸರ್

ಗೆಳೆಯರೇ... ಈ ಸಲ ಖರೇ.

ನೋಟಿಸ್ ಬೋರ್ಡಿನ ಮುಂದೆ ನಿಂತು ಯಾರೂ ನಗಬೇಡಿ.
ಹಾಸ್ಟೆಲಿನ ಇದೇ ಬೋರ್ಡಿಗೆ ನಾನು ಮೆಸ್ಸಿನ ಸಾರಿಗೆ ಶ್ರದ್ಧಾಂಜಲಿ ಬರೆದು ಅಂಟಿಸಿದ್ದೆ.
ವಾರ್ಡನ್ ಸಾಹೇಬರ ಸೈಕಲ್ಲಿನ ಹಿಂದಿನ ಗಾಲಿ ಅಗಲಿದಾಗ, ಕಪ್ಪು ಅಂಚು ಹಾಕಿ ಸಂತಾಪ ಸೂಚಿಸಿದ್ದೆ.
ಆದ್ದರಿಂದ ನೀವು ನಂಬುವುದಿಲ್ಲ... ಗೊತ್ತು.
ನನಗೂ ನಂಬಿಕೆ ಬರುತ್ತಿಲ್ಲ.

ಇಂದು ಮುಂಜಾನೆ ಏಳಕ್ಕೆ ನಮ್ಮ ಡಾ. ವಾಸುದೇವ ನರಗುಂದ ಸರ್ ಹೋದರು.
ಮೆಡಿಕಲ್ ವಾರ್ಡಿನಲ್ಲಿ...
ತಾವೇ ಹಾಕಿಸಿದ ಎಂಟು ಮಂಚಗಳಲ್ಲಿ ಒಂದರ ಮೇಲೆ.

ಹೊಸದಾಗಿ ಕಾಲೇಜು ಸೇರಿದವರಿಗೆ ಸ್ವಲ್ಪ ಹೇಳಬೇಕು.
ಸರ್ ವಿಲಾಯತಿಯಲ್ಲಿ ನರರೋಗ ಕಲಿತು ಹಡಗಿನಲ್ಲಿ ಮುಂಬಯಿಗೆ ಬಂದಿಳಿದವರು. ಅಲ್ಲೇ ದೊಡ್ಡ ಡಾಕ್ಟರಾಗಿ ಉಳಿಯಬಹುದಾಗಿತ್ತು.
ಹುಬ್ಬಳ್ಳಿಗೆ ಬಂದರು.
ಆಗ ಲಕ್ವಾ ಹೊಡೆದವರಿಗೆ ಇಲ್ಲಿ ಜಾಗವೇ ಇರಲಿಲ್ಲ. ಪಾರಿವಾಳದ ರಕ್ತ ತಿಕ್ಕಿಸಿಕೊಂಡು, ಅದೂ ನಾಟದೆ, ಕೊನೆಗೆ ಆಸ್ಪತ್ರೆಗೆ ಬರುತ್ತಿದ್ದರು. ವರಾಂಡದಲ್ಲಿ ಒಂದು ಚಾಪೆ. ಬೆನ್ನಿಗೆ ಹುಣ್ಣು. ಆಮೇಲೆ ಮಣ್ಣು.

ಸರ್ ವಾರ್ಡಿನ ಕೊನೆಯಲ್ಲಿ ಎಂಟು ಮಂಚ ಹಾಕಿಸಿದರು. ಗೋಡೆಗೊಂದು ಗಡಿಯಾರ.
ಎರಡು ತಾಸಿಗೊಮ್ಮೆ ರೋಗಿಯ ಮಗ್ಗಲು ಬದಲಿಸಬೇಕು... ಆಳುಗಳಲ್ಲ, ನಾವೇ.
"ಸರ್, ಇದಕ್ಕ ಔಷಧಾ ಏನ್ರಿ?" ಎಂದು ಕೇಳಿದ್ದೆ.
"ಔಷಧಾ ಇಲ್ಲಪಾ. ನೀ ಇದ್ದೀಯಲ್ಲ... ಹಿಡಿ ಆ ಕಡಿ."

ಪಾಠವೂ ಹಾಗೆಯೇ.
"ಮಿದುಳಿನೊಳಗ ಇಣುಕಾಕ ನಮ್ಮ ಹತ್ರ ಕಿಟಕಿ ಇಲ್ಲ. ಹೊರಗಿಂದನ ನೋಡ್ರಿ. ಮಾರಿ ನೋಡ್ರಿ, ಕೈ ನೋಡ್ರಿ, ಮಾತ ಕೇಳ್ರಿ" ಅನ್ನುವರು.
ಹಾಗೆಂದು ತಾವೇ ರೋಗಿಯಾಗುವರು!
ಬಾಯಿ ಸೊಟ್ಟ, ಕೈ ಜೋಲು, ಕಾಲು ಎಳೆದುಕೊಂಡು ನಡಿಗೆ.
ಮಿದುಳಿನ ಯಾವ ಭಾಗ ಕೆಟ್ಟಿದೆ ಎಂದು ನಾವು ಕೂಗಬೇಕು... ಬಲಮೈ ಬಿದ್ದರೆ ಎಡ ಮಿದುಳು, ಎಡಮೈ ಬಿದ್ದರೆ ಬಲ ಮಿದುಳು. ಉತ್ತರ ಸರಿಯಾದರೆ ಸರ್ ನೆಟ್ಟಗೆ ನಿಂತು "ಭೇಷ್" ಎನ್ನುವರು. ನಮ್ಮದು ಚಪ್ಪಾಳೆ.

ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ನಾನು ಅವರ ಈ ಪಾಠದ ನಕಲು ಮಾಡಿದ್ದು ನಿಮಗೆ ನೆನಪಿರಬೇಕು. ಮರುದಿನ ಕರೆಸಿದರು. ಕಾಲೇಜಿನಿಂದ ಕಿತ್ತು ಹಾಕುತ್ತಾರೆಂದು ಟ್ರಂಕು ಕಟ್ಟಿಟ್ಟೇ ಹೋದೆ.
"ಏನಪಾ ನಾಟಕ ಕಂಪನಿ... ಎಡಗಾಲು ಎಳದಿ, ಬಲಗೈ ಸೊಟ್ಟ ಮಾಡಿದಿ. ಯಾವ ಊರಿನ ಲಕ್ವಾನೋ ಅದು? ನಕಲ ಮಾಡಾಂವಾ ಸರಿಯಾಗಿ ಮಾಡು."
ಅಷ್ಟೇ. ಚಹಾ ಕುಡಿಸಿ ಕಳಿಸಿದರು.

ಸರ್...
ಆ ಸೋಮವಾರ ನೀವು ಐದನೇ ಹಾಸಿಗೆಯ ಹತ್ತಿರ ನಿಂತಿದ್ದಿರಿ.
ಕಮರಿಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಹುಸೇನಸಾಬರ ಹಾಸಿಗೆ. ಅವರ ಹೆಂಡತಿ ಬೀಬಿಜಾನ್ ಚಾಚಿ ಕಾಲ ಬಳಿ ಕೂತಿದ್ದರು.
ಪಾಠ ಶುರುವಾಯಿತು. ಅರ್ಧಕ್ಕೆ ನಿಮ್ಮ ಮಾತು ತೊದಲಿತು.
ರೋಗಿಯ ಮೊಣಕಾಲು ತಟ್ಟಿ ನೋಡುವ ಸುತ್ತಿಗೆ ಬಲಗೈಯಿಂದ ಜಾರಿ ಬಿತ್ತು.
ಬಾಯಿ ಎಡಕ್ಕೆ ವಾಲಿತು.
ಎಂಥ ನಟನೆ ಅಂದುಕೊಂಡೆ...
"ಎಡ ಮಿದುಳು, ಸರ್!" ಎಂದು ಎಲ್ಲರಿಗಿಂತ ಮೊದಲು ಕೂಗಿದೆ. ಚಪ್ಪಾಳೆ ಹೊಡೆದೆ. ಎಲ್ಲರೂ ಹೊಡೆದರು.
ನೀವು ಮಂಚದ ಸರಳು ಹಿಡಿದು ಕುಸಿದಿರಿ. ಚಪ್ಪಾಳೆ ಇನ್ನೂ ಜೋರಾಯಿತು.
"ಒನ್ಸ್ ಮೋರ್!" ಎಂದವನೂ ನಾನೇ.

ನೀವು ನೆಟ್ಟಗೆ ನಿಲ್ಲಲಿಲ್ಲ.

"ಏ ಖೋಡಿಗಳ್ರಾ, ನಗತೀರಲ್ಲೋ! ನಮ್ಮ ಮನಿಯವ್ರಿಗೂ ಹಿಂಗ ಆಗಿತ್ತ. ಹಿಡೀರೋ ಡಾಕ್ಟರ್‌ನ!"
ಬೀಬಿಜಾನ್ ಚಾಚಿ ಚೀರಿದರು.
ಪುಸ್ತಕ ಓದಿದ ನಾವು ಹನ್ನೆರಡು ಜನ ಅಲ್ಲಿದ್ದೆವು. ನಿಮ್ಮ ತಲೆ ನೆಲಕ್ಕೆ ಬಡಿಯದಂತೆ ಹಿಡಿದವರು ಅವರು.

ಉತ್ತರ ಸರಿಯಾಗಿತ್ತು ಸರ್... ಅದೇ ಕೊರೆಯುತ್ತಿದೆ.
ಆ ಕ್ಷಣವೇ ಗುರುತಿಸಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂದು ಹಿರಿಯ ಡಾಕ್ಟರೊಬ್ಬರು ಸಮಾಧಾನ ಹೇಳಿದರು. ಇರಬಹುದು.
ಆದರೆ ಬೀಳುವಾಗ ನಿಮ್ಮ ಕಿವಿಗೆ ಬಿದ್ದದ್ದು ನಮ್ಮ ನಗು.

ಹನ್ನೊಂದು ದಿನ ಮಲಗಿದಿರಿ. ನಿಮ್ಮ ಬಾಯಲ್ಲಿ ಒಂದೇ ಮಾತು ಉಳಿದಿತ್ತು.
"ನೀರು ಬೇಕೇನ್ರಿ ಸರ್?" "ಛಲೋ."
"ಭಾಳ ನೋಯಾಕತ್ತೈತೇನ್ರಿ?" "ಛಲೋ."
ಸೂಜಿ ಚುಚ್ಚಿದಾಗ, ಕಣ್ಣ ತುಂಬ ನೀರು ತಂದುಕೊಂಡು... "ಛಲೋ."

ನಿನ್ನೆ ಸಂಜೆ ಯಾರೂ ಇಲ್ಲದಾಗ ಹೇಳಿದೆ.
"ಸರ್, ಮೊದಲನೇ ಚಪ್ಪಾಳಿ ನಂದ್ರಿ. ಒನ್ಸ್ ಮೋರ್ ಅಂದಾಂವನೂ ನಾನ. ತಪ್ಪಾತ್ರಿ."
ನೀವು ನನ್ನನ್ನೇ ನೋಡಿದಿರಿ.
"ಛಲೋ" ಅಂದಿರಿ.

ರೂಮಿಗೆ ಬಂದಾಗ ರೂಮ್‌ಮೇಟ್ ಪಾಟೀಲ ಅಂದ, "ಮಾಫ್ ಮಾಡ್ಯಾರಲೇ. ಇನ್ನೇನ ಬೇಕ ನಿನಗ?"
ಇಲ್ಲ ಸರ್. ಲಕ್ವಾ ಹೊಡೆದವನ ಬಾಯಲ್ಲಿ ಉಳಿದ ಇಂಥ ಒಂಟಿ ಮಾತನ್ನು ಉತ್ತರವೆಂದು ತಿಳಿಯಬಾರದು ಎಂದು ಕಲಿಸಿದವರು ನೀವೇ.
"ಮನಿ ಸುಟ್ಟ ಮ್ಯಾಲ ಒಂದ ಪಾತ್ರಿ ಉಳಿದಿರತೈತಿ. ಏನ ಕೇಳಿದ್ರೂ ಅವ ಅದನ್ನ ಎತ್ತಿ ತೋರಸ್ತಾನ. ಪಾಪ, ಅವನ ಹತ್ರ ಬ್ಯಾರೇ ಇಲ್ಲ" ಅಂದಿದ್ದಿರಿ.
ಅದನ್ನು ಕ್ಷಮೆ ಎಂದು ಪೇಪರಿನಲ್ಲಿ ಬರೆದಿದ್ದರೆ, ನೀವೇ ನನ್ನನ್ನು ಫೇಲ್ ಮಾಡುತ್ತಿದ್ದಿರಿ.

ಇಂದು ಇನ್ನೊಮ್ಮೆ ಕೇಳಬೇಕೆಂದು ಬೇಗ ಎದ್ದು ವಾರ್ಡಿಗೆ ಬಂದೆ.
ಹಾಸಿಗೆಯ ಸುತ್ತ ಪರದೆ ಎಳೆದಿದ್ದರು...

ಗೆಳೆಯರೇ, ಸರ್ ಅವರನ್ನು ಧಾರವಾಡದ ಮನೆಗೆ ಒಯ್ದಿದ್ದಾರೆ. ಅಂತಿಮ ದರ್ಶನಕ್ಕೆ ಬರುವವರು ಎರಡು ಗಂಟೆಗೆ ಗೇಟಿನ ಹತ್ತಿರ ಸೇರಿರಿ.
ನಾನೂ ಬರುತ್ತೇನೆ. ಹಿಂದೆ ನಿಲ್ಲುತ್ತೇನೆ.

ಹೋಗಿ ಬನ್ನಿ ಸರ್...
ನಿಮ್ಮ ಆತ್ಮಕ್ಕೆ ಇರುವಷ್ಟೂ ಶಾಂತಿ ಸಿಗಲಿ.
ನನಗೆ ಸದ್ಯಕ್ಕೆ ಬೇಡ.